ಅಡ್ಡ ಮೊತ್ತ, ಉದ್ದ ಮೊತ್ತ ಮತ್ತು ಎರಡರ ವರ್ಗಮೂಲ

ಮಂಗಳೂರಿನ ಬಂದರು ಪ್ರದೇಶದ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ವಾಣಿಜ್ಯ ಓದಿದವರಿಗೆ ಬೀಜಗಣಿತದ ಸಹವಾಸ ಹತ್ತನೆಯ ತರಗತಿಗೇ ಮುಗಿದಿರುತ್ತದೆ. ನನಗೂ ಹಾಗೆಯೇ ಆಗಿತ್ತು. ಇಷ್ಟು ವರ್ಷಗಳ ಮೇಲೆ ಅದನ್ನು ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಿದ್ದು ಒಂದು ಬಿಲ್ಲು.

ತಲಾ 11 ರೂಪಾಯಿ 20 ಪೈಸೆಯ ಮೂರು ವಸ್ತುಗಳು, ತೆರಿಗೆ ಶೇ. 18. ರಾಜ್ಯದೊಳಗಿನ ಮಾರಾಟವಾದ್ದರಿಂದ ಕೇಂದ್ರಕ್ಕೆ 9, ರಾಜ್ಯಕ್ಕೆ 9 ಎಂದು ತೆರಿಗೆ ಒಡೆಯುತ್ತದೆ. ಒಂದೊಂದು ವಸ್ತುವಿಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ 11.20ರ ಶೇ. 9 ಎಂದರೆ 1.008, ಪೈಸೆಗೆ ಸರಿಹೊಂದಿಸಿದರೆ 1.01. ಅಂಥ ಆರನ್ನು ಕೂಡಿದರೆ 6.06. ಮೂರು ವಸ್ತುಗಳ ಬೆಲೆಯನ್ನು ಮೊದಲೇ ಕೂಡಿ 33.60ರ ಮೇಲೆ ಶೇ. 18 ಹಾಕಿದರೆ 6.048, ಅಂದರೆ 6.05. ಅದೇ 33.60ರ ಮೇಲೆ 9 ಮತ್ತು 9 ಎಂದು ಒಡೆದು ಹಾಕಿದರೆ ಎರಡು ಸಲ 3.024, ತಲಾ 3.02 ಆಗಿ ಒಟ್ಟು 6.04. ಸರಕು ಒಂದೇ, ದರ ಒಂದೇ, ಉತ್ತರ ಮಾತ್ರ ಮೂರು. ತಂತ್ರಾಂಶ ನೋಡಿಕೊಳ್ಳುವ ಹುಡುಗನನ್ನು ಕೇಳಿದರೆ "ರೌಂಡಿಂಗ್ ಸರ್, ಅದು ಹಾಗೆಯೇ" ಎಂದ. ಅವನು ಹೇಳಿದ್ದು ಸರಿ. ಆದರೆ ಪೈಸೆಗೆ ಸರಿಹೊಂದಿಸದೇ ಇದ್ದಿದ್ದರೆ ಮೂರೂ ಒಂದೇ ಆಗಬೇಕಿತ್ತು ಎಂಬ ಖಾತ್ರಿ ನನಗೆ ಎಲ್ಲಿಂದ ಬಂತು? ಕೂಡಿ ಗುಣಿಸಿದರೂ ಗುಣಿಸಿ ಕೂಡಿದರೂ ಒಂದೇ ಎಂದು ಇಷ್ಟು ವರ್ಷ ಯಾವ ಧೈರ್ಯದ ಮೇಲೆ ಸಹಿ ಹಾಕುತ್ತಾ ಬಂದೆ? ಹುಡುಗ ಹೋದ ಮೇಲೂ ಈ ಪ್ರಶ್ನೆ ಹೋಗಲಿಲ್ಲ.

ಅಮ್ಮ ಉಡುಪಿಯಲ್ಲಿದ್ದಾರೆ. ಭಾನುವಾರಗಳಂದು ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಅಲ್ಲಿಗೆ ಹೋಗುವುದು ರೂಢಿ. ಕಲ್ಸಂಕದ ಹತ್ತಿರ, ಅಮ್ಮನ ಮನೆಯ ಓಣಿಯಲ್ಲೇ, ಪದವಿ ತರಗತಿಗಳಿಗೆ ಗಣಿತ ಹೇಳಿ ನಿವೃತ್ತರಾದವರೊಬ್ಬರಿದ್ದಾರೆ. ಓಣಿಯವರೆಲ್ಲ ಮಾಸ್ಟರು ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಬಿಲ್ಲನ್ನು ಅವರ ಮುಂದಿಟ್ಟೆ. ಪೈಸೆಯ ಗೊಡವೆಗೆ ಅವರು ಹೋಗಲೇ ಇಲ್ಲ. ಗೋಡೆಯಿಂದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಕಿತ್ತು, ಹಿಂಬದಿಯಲ್ಲಿ ವಾಸ್ತವ ಸಂಖ್ಯೆಗಳ ಗುಣಗಳನ್ನು ಒಂದರ ಕೆಳಗೊಂದು ಬರೆದರು. ಎರಡು ಸಂಖ್ಯೆಗಳನ್ನು ಕೂಡಿದರೂ ಗುಣಿಸಿದರೂ ಸಿಗುವುದು ವಾಸ್ತವ ಸಂಖ್ಯೆಯೇ. ಇದು ಆವೃತ ಗುಣ. ಅ + ಬ = ಬ + ಅ, ಅ × ಬ = ಬ × ಅ; ಇದು ಪರಿವರ್ತನೀಯ ಗುಣ. (ಅ + ಬ) + ಕ = ಅ + (ಬ + ಕ), ಗುಣಾಕಾರಕ್ಕೂ ಹಾಗೆಯೇ; ಇದು ಸಹವರ್ತನೀಯ ಗುಣ. ಕೂಡುವುದಕ್ಕೆ 0, ಗುಣಿಸುವುದಕ್ಕೆ 1 ಎಂಬ ಅನನ್ಯತಾಂಶಗಳು, ಅಂದರೆ ಸಂಖ್ಯೆಯನ್ನು ಬದಲಿಸದೆ ಬಿಡುವವು. ಪ್ರತಿ ಅ ಗೂ −ಅ ಎಂಬ ಸಂಕಲನದ ವಿಲೋಮ (ಎರಡನ್ನೂ ಕೂಡಿದರೆ 0), 0 ಒಂದನ್ನು ಬಿಟ್ಟು ಉಳಿದ ಪ್ರತಿ ಅ ಗೂ 1/ಅ ಎಂಬ ಗುಣಾಕಾರದ ವಿಲೋಮ (ಎರಡನ್ನೂ ಗುಣಿಸಿದರೆ 1). ಕೊನೆಗೆ ಕೂಡುವುದನ್ನೂ ಗುಣಿಸುವುದನ್ನೂ ಒಂದಕ್ಕೊಂದು ಕಟ್ಟುವ ವಿಭಾಜಕ ಗುಣ: ಅ × (ಬ + ಕ) = ಅ × ಬ + ಅ × ಕ. "ನಿಮ್ಮ ಬಿಲ್ಲಿನ ಖಾತ್ರಿ ಇದೇ ಮಾರಾಯರೇ" ಎಂದು ಕೊನೆಯ ಸಾಲಿನ ಕೆಳಗೆ ಗೆರೆ ಎಳೆದರು. ಪೈಸೆಗೆ ಸರಿಹೊಂದಿಸಿದ ಕೂಡಲೇ ಈ ಗುಣ ಮುರಿಯುತ್ತದೆ. ಉತ್ತರ ಮೂರಾಗಿದ್ದು ಅದಕ್ಕೇ.

ಈ ಹೆಸರುಗಳೆಲ್ಲ ಶಾಲೆಯಲ್ಲಿ ಕೇಳಿದ್ದವೇ. ಒಂದು ಅಂಕದ ಪ್ರಶ್ನೆಗಳಾಗಿ ಬರುತ್ತಿದ್ದವು: 3 + 5 = 5 + 3 ಇದು ಯಾವ ಗುಣ? ಬಾಯಿಪಾಠ ಮಾಡಿ ಅಂಕ ಪಡೆದೆವು, ಮರೆತೆವು. ಈ ಗುಣಗಳನ್ನು ಹಾಗೆ ಕಲಿಸುವುದರಿಂದ ಆಗುವ ಹಾನಿ ಸಣ್ಣದಲ್ಲ ಎಂದು ಈಗ ಅನ್ನಿಸುತ್ತದೆ. ಕಣ್ಣಿಗೆ ರಾಚುವಷ್ಟು ಸ್ಪಷ್ಟವಾಗಿರುವ ಸಂಗತಿಗೆ ಉದ್ದನೆಯ ಸಂಸ್ಕೃತ ಹೆಸರು ಕೊಟ್ಟರೆ, ಹೆಸರನ್ನಿಟ್ಟದ್ದೇ ಗಣಿತ ಎಂದು ಮಕ್ಕಳು ತಿಳಿಯುತ್ತಾರೆ. ಅದನ್ನು ತೆಗೆದರೆ ಏನು ಕುಸಿಯುತ್ತದೆ ಎಂದು ಯಾರೂ ತೋರಿಸುವುದಿಲ್ಲ.

ಮಾಸ್ಟರು ತೋರಿಸಿದರು. ಅದಕ್ಕೆ ನನ್ನ ಕಸುಬನ್ನೇ ಹಿಡಿದರು. ಲೆಕ್ಕದ ಪುಸ್ತಕದಲ್ಲಿ ಅಡ್ಡ ಸಾಲುಗಳ ಮೊತ್ತವನ್ನು ಕೂಡಿ, ಉದ್ದ ಸಾಲುಗಳ ಮೊತ್ತವನ್ನೂ ಕೂಡಿ, ಎರಡೂ ತಾಳೆಯಾದರೆ ನಾವು ನಿಟ್ಟುಸಿರು ಬಿಡುತ್ತೇವಷ್ಟೆ. ತಾಳೆ ಯಾಕಾಗಬೇಕು? ಎರಡು ಅಡ್ಡ ಸಾಲು, ಎರಡು ಉದ್ದ ಸಾಲಿನ ಅತಿ ಸಣ್ಣ ಕೋಷ್ಟಕ ತೆಗೆದುಕೊಳ್ಳಿ ಎಂದರು. ಮೇಲಿನ ಸಾಲಿನಲ್ಲಿ ಅ, ಬ. ಕೆಳಗಿನ ಸಾಲಿನಲ್ಲಿ ಕ, ಡ. (ಅ + ಬ) + (ಕ + ಡ) ಎಂಬುದು (ಅ + ಕ) + (ಬ + ಡ)ಗೆ ಸಮ ಎಂದು ತೋರಿಸಬೇಕು. ಒಂದು ಹೆಜ್ಜೆಯಲ್ಲಿ ಒಂದೇ ಗುಣ ಬಳಸಬೇಕು, ಒಂದೇ ಸಲ ಬಳಸಬೇಕು, "ಇದು ಗೊತ್ತಿರುವುದೇ" ಎನ್ನುವ ಹಾಗಿಲ್ಲ.

ಅಮ್ಮನ ಮನೆಯ ಚಾವಡಿಯಲ್ಲಿ ಕುಳಿತು ಇದನ್ನು ಬರೆದೆ. ಮೊದಲು ಅ + (ಬ + (ಕ + ಡ)), ಸಹವರ್ತನೀಯ. ಆಮೇಲೆ ಅ + ((ಬ + ಕ) + ಡ); ಮತ್ತೆ ಸಹವರ್ತನೀಯ. ಈಗ ಒಳಗಿನ ಬ + ಕ ಜಾಗ ಬದಲಿಸುತ್ತವೆ: ಅ + ((ಕ + ಬ) + ಡ), ಪರಿವರ್ತನೀಯ. ಅಲ್ಲಿಂದ ಅ + (ಕ + (ಬ + ಡ)), ಕೊನೆಗೆ (ಅ + ಕ) + (ಬ + ಡ), ಎರಡೂ ಸಹವರ್ತನೀಯ. ಐದು ಹೆಜ್ಜೆ. ಅದರಲ್ಲಿ ಪರಿವರ್ತನೀಯ ಗುಣ ಬಂದದ್ದು ಒಂದೇ ಸಲ, ಸಹವರ್ತನೀಯ ಗುಣ ನಾಲ್ಕು ಸಲ. ಶಾಲೆ ಬಿಟ್ಟ ಎಲ್ಲರಿಗೂ ನೆನಪಿರುವುದು ಮೊದಲನೆಯದು, ದುಡಿಯುವುದು ಎರಡನೆಯದು. ಆವರಣ ಚಿಹ್ನೆಯನ್ನು ಸರಿಸುವುದೂ ಒಂದು ಕೆಲಸ ಎಂದು ನನಗೆ ಹೊಳೆದದ್ದು ಆಗಲೇ.

ಎರಡರ ಕೋಷ್ಟಕಕ್ಕೆ ಸಾಧಿಸಿದರೆ ನೂರು ಸಾಲಿಗೂ ಅದೇ ದಾರಿ, ಹೆಜ್ಜೆ ಹೆಚ್ಚುತ್ತದೆ ಅಷ್ಟೆ. ಆದರೆ ಸಾಲುಗಳಿಗೆ ಕೊನೆಯೇ ಇಲ್ಲದಿದ್ದರೆ? ಈ ಪ್ರಶ್ನೆ ನಾನು ಕೇಳಿದ್ದಲ್ಲ, ಅವರೇ ಎತ್ತಿದ್ದು. ಕೊನೆಯಿಲ್ಲದ ಕೋಷ್ಟಕವೊಂದನ್ನು ಬರೆದರು. ಮೊದಲ ಅಡ್ಡ ಸಾಲು 1, −1, 0, 0, 0 ಎಂದು ಸಾಗುತ್ತದೆ. ಎರಡನೆಯದು 0, 1, −1, 0, 0. ಮೂರನೆಯದು 0, 0, 1, −1, 0. ಹೀಗೆ ಪ್ರತಿ ಸಾಲಿನಲ್ಲೂ 1 ಮತ್ತು −1 ಒಂದೊಂದು ಮನೆ ಬಲಕ್ಕೆ ಸರಿಯುತ್ತವೆ. ಪ್ರತಿ ಅಡ್ಡ ಸಾಲಿನ ಮೊತ್ತ 0. ಎಲ್ಲವನ್ನೂ ಕೂಡಿದರೂ 0. ಉದ್ದ ಸಾಲುಗಳನ್ನು ನೋಡಿದರೆ ಮೊದಲನೆಯದರಲ್ಲಿ 1 ಒಂದೇ ಇದೆ. ಉಳಿದ ಪ್ರತಿಯೊಂದರಲ್ಲೂ ಮೇಲೊಂದು −1, ಕೆಳಗೊಂದು 1 ಇದ್ದು ವಜಾ ಆಗುತ್ತವೆ. ಹಾಗಾಗಿ ಉದ್ದ ಮೊತ್ತ 1. ಒಂದೇ ಕೋಷ್ಟಕ, ಅಡ್ಡಕ್ಕೆ 0, ಉದ್ದಕ್ಕೆ 1. ಜೀವಮಾನವಿಡೀ ತಾಳೆ ನೋಡಿದವನಿಗೆ ಇದು ಅಪಶಕುನದಂತೆ ಕಂಡಿತು. ಎಷ್ಟೇ ದೊಡ್ಡದಾದರೂ ಸರಿ, ಕೊನೆಯಿರುವ ಮೊತ್ತಗಳಿಗೆ ಮಾತ್ರ ಆ ಎರಡು ಗುಣಗಳು ಹೊಣೆ. ಕೊನೆಯಿಲ್ಲದ್ದಕ್ಕೆ ಅವು ಯಾವ ಮಾತನ್ನೂ ಕೊಟ್ಟಿರಲಿಲ್ಲ.

ಮುಂದಿನ ಭೇಟಿಗಳಲ್ಲಿ ಗುಣಗಳು ಎಲ್ಲೆಲ್ಲಿ ಕೈಕೊಡುತ್ತವೆ ಎಂಬುದೇ ಪಾಠವಾಯಿತು. ವ್ಯವಕಲನ, ಭಾಗಾಕಾರಗಳಲ್ಲಿ ಕೈಕೊಡುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ಸರಾಸರಿಯನ್ನು ತೆಗೆದುಕೊಳ್ಳಿ. 2 ಮತ್ತು 4ರ ಸರಾಸರಿ, 4 ಮತ್ತು 2ರ ಸರಾಸರಿ ಒಂದೇ. ಪರಿವರ್ತನೀಯ ಗುಣ ಇದೆ. ಆದರೆ 2 ಮತ್ತು 4ರ ಸರಾಸರಿ 3ನ್ನು 8ರ ಜೊತೆ ಸೇರಿಸಿ ಸರಾಸರಿ ತೆಗೆದರೆ 5.5, 4 ಮತ್ತು 8ರ ಸರಾಸರಿ 6ನ್ನು 2ರ ಜೊತೆ ತೆಗೆದರೆ 4. ಸಹವರ್ತನೀಯ ಗುಣ ಇಲ್ಲ. ಇದಕ್ಕೆ ತಿರುಗುಮುರುಗಾದದ್ದೂ ಇದೆ. 1843ರ ಅಕ್ಟೋಬರ್ 16ರಂದು ಡಬ್ಲಿನ್‌ನಲ್ಲಿ ಹೆಂಡತಿಯೊಡನೆ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದ ವಿಲಿಯಂ ರೋವನ್ ಹ್ಯಾಮಿಲ್ಟನ್‌ಗೆ ಹೊಳೆದ ಕ್ವಾಟರ್ನಿಯನ್ ಎಂಬ ಸಂಖ್ಯೆಗಳಲ್ಲಿ ಗುಣಾಕಾರ ಸಹವರ್ತನೀಯ, ಆದರೆ ಪರಿವರ್ತನೀಯವಲ್ಲ. ಅ × ಬ ಮತ್ತು ಬ × ಅ ಬೇರೆಯಾಗಬಹುದು. ಸೂತ್ರವನ್ನು ಅವನು ಅಲ್ಲೇ ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಕೆತ್ತಿದನಂತೆ. ಅಂದರೆ ಈ ಎರಡು ಗುಣಗಳಲ್ಲಿ ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬರೆದಿಡಲೇಬೇಕು.

ಕಂಪ್ಯೂಟರಿನಲ್ಲಂತೂ ವಾಸ್ತವ ಸಂಖ್ಯೆಗಳೇ ಇಲ್ಲ ಎಂದು ಮಾಸ್ಟರು ಹೇಳಿದಾಗ ನಾನು ಒಪ್ಪಲಿಲ್ಲ. ಲ್ಯಾಪ್‌ಟಾಪ್ ತೆರೆದು 0.1 + 0.2 ಎಷ್ಟು ಎಂದು ಕೇಳಿದರು. 0.30000000000000004 ಎಂದು ಬಂತು. (0.1 + 0.2) + 0.3 ಎಂದರೆ 0.6000000000000001, 0.1 + (0.2 + 0.3) ಎಂದರೆ ಶುದ್ಧ 0.6. ಸಹವರ್ತನೀಯ ಗುಣ ನನ್ನ ಕಣ್ಣೆದುರೇ ಮುರಿದುಬಿತ್ತು. ದಶಮಾನ ಪದ್ಧತಿಯಲ್ಲಿ 1/3 ಹೇಗೆ 0.3333 ಎಂದು ಮುಗಿಯದೆ ಸಾಗುತ್ತದೋ, ಕಂಪ್ಯೂಟರು ಬಳಸುವ, 0 ಮತ್ತು 1 ಮಾತ್ರ ಇರುವ ದ್ವಿಮಾನದಲ್ಲಿ 1/10 ಹಾಗೆ ಮುಗಿಯದೆ ಸಾಗುತ್ತದೆ. ಕಂಪ್ಯೂಟರು ಎಲ್ಲೋ ಒಂದು ಕಡೆ ಅದನ್ನು ಕತ್ತರಿಸಲೇಬೇಕು. 1985ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಾಮಾನ್ಯವಾಗಿ ಬಳಸುವ 64 ಬಿಟ್‌ಗಳ ಸಂಖ್ಯೆಯಲ್ಲಿ 53 ಬಿಟ್‌ಗಳಷ್ಟು ನಿಖರತೆ ಸಿಗುತ್ತದೆ. ಅದಕ್ಕೆ 1ರ ಮುಂದೆ 16 ಸೊನ್ನೆ ಇರುವ ಸಂಖ್ಯೆಗೆ 1 ಕೂಡಿ, ಮತ್ತೆ ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಉಳಿಯುವುದು 0. ಕೂಡಿದ ಆ ಒಂದು ಎಲ್ಲಿ ಹೋಯಿತೋ ಯಾರೂ ಕೇಳುವುದಿಲ್ಲ. ಬಿಲ್ಲಿನ ಪೈಸೆಯ ಮೇಲೆ ನನಗಿದ್ದ ಸಿಟ್ಟು ಅಂದು ಇಳಿಯಿತು.

ಈ ಓಡಾಟದಲ್ಲಿ ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ಋಣ ಸಂಖ್ಯೆಗಳು. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬುದನ್ನು ಲೆಕ್ಕಪತ್ರದವರು ದಿನಾ ಬಳಸುತ್ತೇವೆ, ಆದರೆ ಯಾಕೆ ಎಂದರೆ ತಡವರಿಸುತ್ತೇವೆ. ಸಾಲವನ್ನು ಸಾಲದಿಂದ ಗುಣಿಸುವುದು ಎಂದರೇನು? ಅಂಥದ್ದೊಂದು ವ್ಯವಹಾರವನ್ನು ಬಂದರಿನ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ. "ಸಾಲ ರದ್ದಾದರೆ ಲಾಭ" ಎಂಬ ವಿವರಣೆ ಕೇಳಲು ಚೆನ್ನಾಗಿದೆ, ಆದರೆ ಅದರಿಂದ ಏನೂ ಸಾಧಿತವಾಗುವುದಿಲ್ಲ. ಬ್ರಹ್ಮಗುಪ್ತ 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಧನ, ಋಣ, ಶೂನ್ಯಗಳಿಗೆ ನಿಯಮಗಳನ್ನು ಬರೆದಿಟ್ಟ. ಋಣಗಳೆರಡರ ಗುಣಲಬ್ಧ ಧನ ಎಂಬುದೂ ಅಲ್ಲಿದೆ. ನಿಯಮವೇನೋ ಸಿಕ್ಕಿತು. ಕಾರಣವನ್ನು ಕ್ಯಾಲೆಂಡರ್ ಹಾಳೆಯ ಗುಣಗಳಿಂದಲೇ ಹೊರಡಿಸಬೇಕು ಎಂದು ಮಾಸ್ಟರು ಹಟ ಹಿಡಿದರು.

ಮೊದಲ ಮೆಟ್ಟಿಲು: ಯಾವ ಅ ಆದರೂ ಅ × 0 = 0. ಇದೂ ಗುಣಗಳ ಪಟ್ಟಿಯಲ್ಲಿ ಇಲ್ಲ ಎಂಬುದು ನನಗೆ ಹೊಸ ಸಂಗತಿ. ಪಟ್ಟಿಯಲ್ಲಿ 0 ಬಗ್ಗೆ ಹೇಳಿರುವುದು ಕೂಡುವ ವಿಷಯ ಮಾತ್ರ. ಗುಣಿಸುವಾಗ ಅದು ಹೇಗೆ ವರ್ತಿಸುತ್ತದೆ ಎಂದು ಹೇಳಿಲ್ಲ. ಕೂಡುವುದಕ್ಕೂ ಗುಣಿಸುವುದಕ್ಕೂ ಇರುವ ಕೊಂಡಿ ವಿಭಾಜಕ ಗುಣ ಒಂದೇ, ಹಾಗಾಗಿ ಅದನ್ನೇ ಹಿಡಿಯಬೇಕು. 0 = 0 + 0. ಆದ್ದರಿಂದ ಅ × 0 = ಅ × (0 + 0) = ಅ × 0 + ಅ × 0. ಎರಡೂ ಕಡೆ ಅ × 0ರ ವಿಲೋಮವನ್ನು ಕೂಡಿದರೆ ಎಡಗಡೆ 0, ಬಲಗಡೆ ಅ × 0. ಮುಗಿಯಿತು.

ಎರಡನೆಯ ಮೆಟ್ಟಿಲು: 1 + (−1) = 0. ಎರಡೂ ಕಡೆ −1ರಿಂದ ಗುಣಿಸಿದರೆ ಬಲಗಡೆ ಈಗಷ್ಟೇ ತೋರಿಸಿದಂತೆ 0. ಎಡಗಡೆ ವಿಭಾಜಕ ಗುಣದಿಂದ (−1) × 1 + (−1) × (−1), ಅಂದರೆ −1 + (−1) × (−1). ಈ ಮೊತ್ತ 0 ಆಗಬೇಕಾದರೆ (−1) × (−1) ಎಂಬುದು −1ರ ವಿಲೋಮವಾಗಲೇಬೇಕು, ಅದು 1. ಇದನ್ನು ಬರೆದು ಮುಗಿಸಿ ಪೆನ್ನು ಕೆಳಗಿಟ್ಟಾಗ ಹೊರಗೆ ಮಳೆ ಬಿದ್ದು ಕರೆಂಟು ಹೋಗಿತ್ತು. ಮೊಬೈಲಿನ ಬೆಳಕಿನಲ್ಲಿ ಮತ್ತೊಮ್ಮೆ ಸಾಲು ಸಾಲಾಗಿ ಓದಿದೆ. ಸಾಲ, ರದ್ದು, ಲಾಭ ಯಾವುದೂ ಇಲ್ಲ. ವಿಭಾಜಕ ಗುಣ ಉಳಿಯಬೇಕು ಎಂದರೆ ಉತ್ತರ 1 ಆಗದೆ ಬೇರೆ ದಾರಿಯೇ ಇಲ್ಲ. ಯಾರಾದರೂ ಅದನ್ನು −1 ಎಂದು ಇಟ್ಟುಕೊಳ್ಳುವುದಾದರೆ, ಬಿಲ್ಲನ್ನು ಕೂಡಿ ಗುಣಿಸುವುದನ್ನೂ ಗುಣಿಸಿ ಕೂಡುವುದನ್ನೂ ಕೈಬಿಡಬೇಕಾಗುತ್ತದೆ.

ಸೊನ್ನೆಯಿಂದ ಭಾಗಿಸುವ ವಿಷಯವೂ ಇಲ್ಲೇ ಬಗೆಹರಿಯಿತು. ಇದರಲ್ಲಿ ನಮ್ಮ ನಾಡಿನ ಹೆಸರೊಂದು ಬರುತ್ತದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ಸುಮಾರು 850ರಲ್ಲಿ ಗಣಿತಸಾರಸಂಗ್ರಹ ಬರೆದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಅದರಲ್ಲಿದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದು ಬ್ರಹ್ಮಗುಪ್ತ ಹೇಳಿದ್ದ. ಅಷ್ಟು ದೊಡ್ಡವರೂ ಇಲ್ಲಿ ಎಡವಿದರು. 0ಕ್ಕೆ ಗುಣಾಕಾರದ ವಿಲೋಮವೊಂದು ಇದೆ ಎಂದುಕೊಂಡರೆ ಅದನ್ನು 0ಯಿಂದ ಗುಣಿಸಿದಾಗ 1 ಬರಬೇಕು. ಆದರೆ ಏನನ್ನು 0ಯಿಂದ ಗುಣಿಸಿದರೂ 0 ಎಂದು ಈಗಾಗಲೇ ತೋರಿಸಿದ್ದೇವೆ. ಅಲ್ಲಿಗೆ 0 = 1. ಹಾಗಾದರೆ ಪ್ರತಿ ಸಂಖ್ಯೆಯೂ 0 ಆಗಿ ಲೆಕ್ಕದಂಗಡಿಯನ್ನೇ ಮುಚ್ಚಬೇಕು. ಪಟ್ಟಿಯಲ್ಲಿ "0 ಒಂದನ್ನು ಬಿಟ್ಟು" ಎಂಬ ಮಾತು ಯಾರೋ ಹೆದರಿ ಸೇರಿಸಿದ ಷರತ್ತು ಎಂದು ನಾನು ತಿಳಿದಿದ್ದೆ. ಅದು ವಿಭಾಜಕ ಗುಣ ಕೇಳಿದ ಬೆಲೆ. ಮಹಾವೀರಾಚಾರ್ಯನ ಪರವಾಗಿ ಇದನ್ನೂ ಹೇಳಬೇಕು: ಧನದ ವರ್ಗವೂ ಋಣದ ವರ್ಗವೂ ಧನವೇ, ಆದ್ದರಿಂದ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವನು ಸ್ಪಷ್ಟವಾಗಿ ಬರೆದಿದ್ದಾನೆ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಅದು ಇಂದಿಗೂ ಸರಿ; ಕ್ರಮದ ಗುಣಗಳಿಂದ, ಅಂದರೆ ಹೆಚ್ಚು-ಕಡಿಮೆಯ ನಿಯಮಗಳಿಂದ, ಎರಡು ಸಾಲಿನಲ್ಲಿ ಸಾಧಿಸಬಹುದು.

ಇಷ್ಟಾದ ಮೇಲೆ ಎಲ್ಲ ಅರ್ಥವಾಯಿತು ಎಂಬ ಹುಮ್ಮಸ್ಸಿನಲ್ಲಿದ್ದೆ. ಮಾಸ್ಟರು ನಿಧಾನಕ್ಕೆ ಒಂದು ಪ್ರಶ್ನೆ ಹಾಕಿದರು. "ಇಲ್ಲಿಯವರೆಗೆ ಬರೆದದ್ದರಲ್ಲಿ ಭಾಗಲಬ್ಧ ಸಂಖ್ಯೆಗಳಿಗೆ ಅನ್ವಯಿಸದ ಗುಣ ಯಾವುದಿದೆ?" ಹಾಳೆ ತಿರುವಿ ನೋಡಿದೆ. ಒಂದೂ ಇರಲಿಲ್ಲ. ಭಿನ್ನರಾಶಿಗಳು ಈ ಎಲ್ಲ ನಿಯಮಗಳಿಗೂ ಅಚ್ಚುಕಟ್ಟಾಗಿ ತಲೆಬಾಗುತ್ತವೆ. ಹೆಚ್ಚು-ಕಡಿಮೆಯ ನಿಯಮಗಳೂ ಅವುಗಳಿಗಿವೆ. ಹಾಗಾದರೆ ವಾಸ್ತವ ಸಂಖ್ಯೆ ಎಂಬ ಇನ್ನೊಂದು ಪಂಗಡ ಯಾಕೆ ಬೇಕಾಯಿತು?

ಉತ್ತರದ ಒಂದು ತುದಿ ಯಜ್ಞವೇದಿಗಳ ಅಳತೆ ಹೇಳುವ ಹಳೆಯ ಗ್ರಂಥವಾದ ಬೌಧಾಯನ ಶುಲ್ಬಸೂತ್ರದಲ್ಲಿದೆ. ಚೌಕದ ಬಾಹುವಿನಿಂದ ಕರ್ಣದ ಅಳತೆ ಪಡೆಯಲು ಅಲ್ಲೊಂದು ವಿಧಾನವಿದೆ: ಅಳತೆಗೆ ಅದರ ಮೂರನೆಯ ಒಂದು ಭಾಗವನ್ನು ಕೂಡಿಸು, ಆ ಭಾಗದ ನಾಲ್ಕನೆಯ ಒಂದನ್ನು ಕೂಡಿಸು, ಅದರಿಂದ ಅದರ ಮೂವತ್ನಾಲ್ಕನೆಯ ಒಂದನ್ನು ಕಳೆ. ಕೂಡಿ ಕಳೆದರೆ 577/408. ಇದನ್ನು ಕ್ಯಾಲ್ಕುಲೇಟರ್ ಮುಟ್ಟದೆ ವರ್ಗ ಮಾಡಿ ಎಂದರು. 577ರ ವರ್ಗ 3,32,929. 408ರ ವರ್ಗ 1,66,464; ಅದರ ಎರಡರಷ್ಟು 3,32,928. ಒಂದೇ ಒಂದು ಹೆಚ್ಚು! ಮೂರು ಲಕ್ಷದ ಲೆಕ್ಕದಲ್ಲಿ ಒಂದು ಹೆಚ್ಚಾದರೆ ನಮ್ಮ ಅಂಗಡಿಯಲ್ಲಿ ಯಾರೂ ತಕರಾರು ಎತ್ತುವುದಿಲ್ಲ. ಆದರೆ ಆ ಒಂದನ್ನು ಇಲ್ಲವಾಗಿಸುವ ಭಿನ್ನರಾಶಿಯೇ ಇಲ್ಲ. ಅಂಶದ ವರ್ಗ ಛೇದದ ವರ್ಗದ ಸರಿಯಾಗಿ ಎರಡರಷ್ಟಾದರೆ ಅಂಶ ಸಮಸಂಖ್ಯೆ, ಆಗ ಛೇದವೂ ಸಮಸಂಖ್ಯೆ, ಅಂದರೆ ಭಿನ್ನರಾಶಿ ಸಂಕ್ಷಿಪ್ತ ರೂಪದಲ್ಲಿರಲೇ ಇಲ್ಲ. ಈ ಸಾಧನೆ ಹತ್ತನೆಯ ತರಗತಿಯ ಪುಸ್ತಕದಲ್ಲೇ ಇದೆ, ಉದ್ದ ಮಾಡುವುದಿಲ್ಲ.

ಪುಸ್ತಕ ನಿಲ್ಲಿಸಿದಲ್ಲಿಂದ ಮುಂದಕ್ಕೆ ಹೋಗಲು ನನಗೆ ಬಹಳ ಹೊತ್ತು ಬೇಕಾಯಿತು. ವರ್ಗ ಮಾಡಿದರೆ 2ಕ್ಕಿಂತ ಕಡಿಮೆಯಾಗುವ ಭಿನ್ನರಾಶಿಗಳನ್ನೆಲ್ಲ ಒಂದು ಗುಂಪು ಮಾಡಿ. 1.5 ಈ ಗುಂಪಿನ ಎಲ್ಲಕ್ಕಿಂತ ದೊಡ್ಡದು, 1.42 ಕೂಡ, 577/408 ಕೂಡ. ಇಂಥ ಮೇಲ್ಮಿತಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದು? ಯಾವ ಭಿನ್ನರಾಶಿಯನ್ನು ತಂದರೂ ಅದಕ್ಕಿಂತ ಚಿಕ್ಕದನ್ನು ಮಾಡಿಕೊಡಬಹುದು: 2ನ್ನು ಅದರಿಂದ ಭಾಗಿಸಿ, ಬಂದದ್ದರ ಮತ್ತು ಅದರ ಸರಾಸರಿ ತೆಗೆದರಾಯಿತು. 577/408ರಿಂದ ಹೊರಟರೆ 6,65,857/4,70,832 ಸಿಗುತ್ತದೆ. ಮತ್ತೆ ಮಾಡಿದರೆ ಇನ್ನೂ ಚಿಕ್ಕದು. ಭಿನ್ನರಾಶಿಗಳ ಲೋಕದಲ್ಲಿ ಈ ಇಳಿತಕ್ಕೆ ನೆಲವಿಲ್ಲ. ಮೇಲ್ಮಿತಿಯಿರುವ, ಖಾಲಿಯಲ್ಲದ ಪ್ರತಿ ಗುಂಪಿಗೂ ಕನಿಷ್ಠ ಮೇಲ್ಮಿತಿಯೊಂದು ಇದ್ದೇ ಇದೆ ಎಂಬುದು ವಾಸ್ತವ ಸಂಖ್ಯೆಗಳ ಪೂರ್ಣತೆಯ ಗುಣ. ಕ್ಯಾಲೆಂಡರ್ ಹಾಳೆಗೆ ಮಾಸ್ಟರು ಕೊನೆಗೆ ಸೇರಿಸಿದ ಸಾಲು ಇದು, ಭಿನ್ನರಾಶಿಗಳಿಗೆ ಇಲ್ಲದ ಸಾಲೂ ಇದೊಂದೇ. ನನ್ನನ್ನು ಕೇಳಿದರೆ ವಾಸ್ತವ ಸಂಖ್ಯೆಗಳ ಪಾಠ ಶುರುವಾಗಬೇಕಾದದ್ದು ಇಲ್ಲಿಂದ. ಶಾಲೆಗಳಲ್ಲಿ ಈ ಸಾಲಿನ ಸುದ್ದಿಯೇ ಇರುವುದಿಲ್ಲ.

ಇದನ್ನು ನೆಲೆಗೆ ನಿಲ್ಲಿಸಿದವರಲ್ಲಿ ಜರ್ಮನಿಯ ರಿಚರ್ಡ್ ಡೆಡೆಕಿಂಡ್ ಒಬ್ಬ. ಜೂರಿಚ್‌ನಲ್ಲಿ ಕಲನಶಾಸ್ತ್ರದ ಪಾಠ ಹೇಳಬೇಕಾಗಿ ಬಂದಾಗ, ತಾನು ಹೇಳುತ್ತಿರುವುದಕ್ಕೆ ಗಟ್ಟಿ ಬುಡವಿಲ್ಲ ಎಂದು ಅವನಿಗೆ ಅನ್ನಿಸಿತು. 1858ರ ನವೆಂಬರ್ 24ರಂದು ದಾರಿ ಹೊಳೆಯಿತು ಎಂದು ದಿನಾಂಕ ಸಮೇತ ಬರೆದಿದ್ದಾನೆ, ಪ್ರಕಟಿಸಿದ್ದು 1872ರಲ್ಲಿ. ಎಲ್ಲ ಭಾಗಲಬ್ಧ ಸಂಖ್ಯೆಗಳನ್ನೂ ಎಡ, ಬಲ ಎಂದು ಎರಡಾಗಿ ಕಡಿಯುವುದು, ಎಡದ ಪ್ರತಿಯೊಂದೂ ಬಲದ ಪ್ರತಿಯೊಂದಕ್ಕಿಂತ ಕಡಿಮೆ ಇರುವಂತೆ. ಆ ಕಡಿತವನ್ನೇ ಸಂಖ್ಯೆ ಎಂದು ಎಣಿಸುವುದು. √2 ಎಂದರೆ ಋಣ ಸಂಖ್ಯೆಗಳೂ, 0ಯೂ, ವರ್ಗ 2ಕ್ಕಿಂತ ಕಡಿಮೆ ಇರುವ ಧನ ಸಂಖ್ಯೆಗಳೂ ಎಡಕ್ಕೆ, ಉಳಿದವು ಬಲಕ್ಕೆ. ಆ ಬರಹದಲ್ಲಿ ಅವನು ಆಡಿದ ಒಂದು ಮಾತನ್ನು ಕೇಳಿ ನಾನು ನಕ್ಕೆ, ಆಮೇಲೆ ನಗಲಾಗಲಿಲ್ಲ: √2 × √3 = √6 ಎಂಬುದನ್ನು ತನಗೆ ತಿಳಿದಮಟ್ಟಿಗೆ ಯಾರೂ ಅಲ್ಲಿಯವರೆಗೆ ಸಾಧಿಸಿರಲಿಲ್ಲ ಎಂದು ಅವನ ವಾದ. ನಾವು ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಕಣ್ಣುಮುಚ್ಚಿ ಬರೆದದ್ದು!

ಕಡಿತಗಳಿಂದ ಅದನ್ನು ಸಾಧಿಸುವುದು ನನಗೆ ಸಿಕ್ಕ ಮನೆಗೆಲಸ. ಅರ್ಧ ಸುಲಭ. ಎಡಗಡೆಯ ಎರಡು ಧನ ಭಿನ್ನರಾಶಿಗಳು, ಒಂದರ ವರ್ಗ 2ಕ್ಕಿಂತ, ಇನ್ನೊಂದರ ವರ್ಗ 3ಕ್ಕಿಂತ ಕಡಿಮೆ ಇದ್ದರೆ, ಗುಣಲಬ್ಧದ ವರ್ಗ 6ಕ್ಕಿಂತ ಕಡಿಮೆ. ಪರಿವರ್ತನೀಯ, ಸಹವರ್ತನೀಯ ಗುಣಗಳು ಅಷ್ಟನ್ನು ನೋಡಿಕೊಳ್ಳುತ್ತವೆ. ಉಳಿದ ಅರ್ಧವೇ ಕಷ್ಟ: ವರ್ಗ 6ಕ್ಕಿಂತ ಕಡಿಮೆ ಇರುವ ಯಾವುದೇ ಭಿನ್ನರಾಶಿಯನ್ನು ಅಂಥ ಎರಡರ ಗುಣಲಬ್ಧವಾಗಿ ಒಡೆಯಬೇಕು. ಉದಾಹರಣೆಗೆ 2.44, ಇದರ ವರ್ಗ 5.9536. ದಾರಿ ಹೊಳೆದದ್ದು ಮರಳುವ ಬಸ್ಸಿನಲ್ಲಿ, ಮೂಲ್ಕಿ ದಾಟಿದ ಮೇಲೆ. 5.9536ನ್ನು 3ರಿಂದ ಭಾಗಿಸಿದರೆ ಸುಮಾರು 1.9845, ಅದು 2ಕ್ಕಿಂತ ಕಡಿಮೆ. ಈ ಎರಡರ ನಡುವೆ ಬೀಳುವ ವರ್ಗವೊಂದು ಸಿಕ್ಕರೆ ಸಾಕು. 1.41ರ ವರ್ಗ 1.9881, ನಡುವೆ ಬಿತ್ತು. ಇನ್ನೊಂದು ತುಂಡು 2.44/1.41, ಅಂದರೆ 244/141. ಅದರ ವರ್ಗ ಸುಮಾರು 2.9946, 3ಕ್ಕಿಂತ ಕಡಿಮೆಯೇ. ಇನ್ನು ಬೇಕಾದದ್ದು ನಡುವೆ ವರ್ಗವೊಂದು ಯಾವಾಗಲೂ ಸಿಗುತ್ತದೆ ಎಂಬ ಖಾತ್ರಿ. ಛೇದ ನ ಇರುವ ಭಿನ್ನರಾಶಿಗಳ ಮೇಲೆ 0ಯಿಂದ 2ರವರೆಗೆ ಹೆಜ್ಜೆ ಹೆಜ್ಜೆಯಾಗಿ ನಡೆದರೆ, ಒಂದು ವರ್ಗದಿಂದ ಮುಂದಿನ ವರ್ಗಕ್ಕೆ ಇರುವ ಅಂತರ 5/ನ ಕ್ಕಿಂತ ಕಡಿಮೆ. ನ ಸಾಕಷ್ಟು ದೊಡ್ಡದಾದರೆ ಆ ಹೆಜ್ಜೆ ಯಾವ ಸಂದನ್ನೂ ಹಾರಿ ದಾಟಲಾರದು. ಕೂಳೂರು ಸೇತುವೆ ಬರುವಷ್ಟರಲ್ಲಿ ಟಿಕೆಟಿನ ಹಿಂಬದಿ ತುಂಬಿತ್ತು.

ಮಾಸ್ಟರು ಅದನ್ನು ಓದಿ, ತಿದ್ದದೆ, ಮುಂದಿನದನ್ನು ಕೊಟ್ಟರು. ಎಡಗಡೆಯ ಗುಂಪಿನಲ್ಲಿ ಋಣ ಸಂಖ್ಯೆಗಳು ಕೊನೆಯಿಲ್ಲದೆ ಇಳಿಯುತ್ತಾ ಹೋಗುವುದರಿಂದ ಎಲ್ಲವನ್ನೂ ಎಲ್ಲದರಿಂದ ಗುಣಿಸಿದರೆ ಕಡಿತವೇ ಸಿಗುವುದಿಲ್ಲ. ಅದಕ್ಕೆ ಗುಣಾಕಾರವನ್ನು ಮೊದಲು ಧನ ಕಡಿತಗಳಿಗಷ್ಟೇ ಹೇಳಿ, ಋಣಗಳಿಗೆ ಚಿಹ್ನೆಯನ್ನು ನಾವೇ ಇಡಬೇಕು. ಋಣ × ಋಣ = ಧನ ಎಂದು ಇಲ್ಲಿ ಕೈಯಾರೆ ಬರೆಯುತ್ತೇವೆ; ಬೇರೆ ಯಾವುದನ್ನು ಬರೆದರೂ ವಿಭಾಜಕ ಗುಣ ನಿಲ್ಲುವುದಿಲ್ಲ. ಬರೆದ ಮೇಲೆ ಅದು ನಿಜಕ್ಕೂ ನಿಲ್ಲುತ್ತದೆಯೇ ಎಂದು ಪ್ರತಿ ಜೋಡಿಗೂ ನೋಡಬೇಕು. ಅ, ಬ, ಕ ಮೂರೂ ಧನವಾದಾಗ ಮುಗಿಸಿದ್ದೇನೆ. ಬ ಮತ್ತು ಕ ಎದುರುಬದುರು ಚಿಹ್ನೆಯವಾದಾಗ ಅವುಗಳ ಮೊತ್ತ ಧನವೋ ಋಣವೋ ಎಂಬುದರ ಮೇಲೆ ಲೆಕ್ಕ ಮತ್ತೆ ಕವಲೊಡೆಯುತ್ತದೆ. ಸದ್ಯ ಅದನ್ನು ಬರೆಯುತ್ತಿದ್ದೇನೆ.